ಸಹಾಯ ಬೇಕು: ಸಕ್ಕರೆ ಕಾಯಿಲೆಯವರ ಕಾಲಿನ ಗಾಯ, ಕನ್ನಡ ಕರಪತ್ರ

ಸಕ್ಕರೆ ಕಾಯಿಲೆಯವರಿಗೆ ಕಾಲಿನ ಗಾಯದ ಆರೈಕೆ ಬಗ್ಗೆ ಒಂದು ಪುಟದ ಕರಪತ್ರ ತಯಾರಾಗುತ್ತಿದೆ. ಅರಿಶಿನದ ಭಾಗದಲ್ಲೇ ಕೆಲಸ ನಿಂತಿದೆ. ಬರೀ ‘ಹಚ್ಚಬೇಡಿ’ ಅಂದರೆ ಯಾರೂ ಕೇಳಲ್ಲ, ಕಾರಣ ಹೇಳಲೇಬೇಕು. ಅಡುಗೆಮನೆ ಡಬ್ಬಿಯ ಪುಡಿ ಕ್ರಿಮಿರಹಿತವಲ್ಲ. ಒಣಗಿ ಹಳದಿ ಹೆಕ್ಕಳೆ ಕಟ್ಟಿದ ಮೇಲೆ ಅಡಿಯಲ್ಲಿ ಕೀವು ತುಂಬಿದ್ದು, ಅಂಚು ಕಪ್ಪಾಗಿದ್ದು ಕಾಣುವುದೇ ಇಲ್ಲ. ಅಂಗಡಿ ಜೇನೂ ಬೇಡ, ಗಾಯಕ್ಕೆ ಬಳಸುವ ಜೇನು ಗಾಮಾ ಕಿರಣದಿಂದ ಸಂಸ್ಕರಿಸಿದ್ದು. ಬಿಸಿನೀರಲ್ಲಿ ಕಾಲಿಡುವುದಂತೂ ಬೇಡವೇ ಬೇಡ: ಸ್ಪರ್ಶ ಕಳೆದುಕೊಂಡ ಪಾದಕ್ಕೆ ಸುಟ್ಟದ್ದೇ ತಿಳಿಯದು. ತೊಳೆಯಲು ಸಲೈನ್ (ಕ್ರಿಮಿರಹಿತ ಉಪ್ಪುನೀರು), ಮೇಲೆ ಅಂಟದ ಡ್ರೆಸಿಂಗ್. ಆ ಕಾಲಿನ ಮೇಲೆ ಭಾರ ಹಾಕಿ ನಡೆದಾಡುತ್ತಿದ್ದರೆ ಅಂಗಾಲಿನ ಹುಣ್ಣು ಮಾಯುವುದಿಲ್ಲ.

ಹಾಗಲಕಾಯಿ ರಸ, ಮೆಂತ್ಯ ತಗೊಳ್ಳುವವರು ವೈದ್ಯರಿಗೆ ತಿಳಿಸಲಿ. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಜೊತೆ ಸೇರಿದರೆ ರಕ್ತದ ಸಕ್ಕರೆ 70 mg/dLಗಿಂತ ಕೆಳಗಿಳಿಯಬಹುದು. ಆಗ ರೋಗಿಗೆ ಎಚ್ಚರವಿದ್ದರೆ 3 ಟೀ ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಪರೀಕ್ಷೆ.

ಬೇಕಾಗಿರುವುದು ಇಷ್ಟು: ಪಾದ ಜೋಮು ಹಿಡಿಯುವುದಕ್ಕೆ ಬೀದರ್, ಕಲಬುರಗಿ, ಕರಾವಳಿ ಕಡೆಯ ರೋಗಿಗಳು ಏನನ್ನುತ್ತಾರೆ? ನಿಮ್ಮೂರಲ್ಲಿ ಗಾಯಕ್ಕೆ ಯಾವ ಸೊಪ್ಪು, ಎಣ್ಣೆ, ಬೂದಿ ಹಚ್ಚುತ್ತಾರೆ? ಅವರ ಮಾತಿನಲ್ಲೇ ಬರೆದು ಕಳಿಸಿ, ದಯವಿಟ್ಟು.