ರಿಕವರಿ ಸಿಡಿ ಕಳೆದುಹೋದ ಹಳೆಯ ಕಂಪ್ಯೂಟರನ್ನು ಮತ್ತೆ ಎಬ್ಬಿಸುವುದು ಹೇಗೆ?

ಪ್ರಶ್ನೆ (ಶಿಕ್ಷಕಿ, ನವನಗರ, ಬಾಗಲಕೋಟೆ): ಸರ್, ನಮಸ್ಕಾರ. ನಮ್ಮ ಮಾವನವರು 2006ರಲ್ಲಿ ಕೊಂಡಿದ್ದ ಕಂಪ್ಯೂಟರ್ ಅಟ್ಟದ ಮೇಲಿತ್ತು. ವಿಂಡೋಸ್ ಎಕ್ಸ್‌ಪಿ, 512 ಎಂಬಿ ರ‍್ಯಾಮ್. ಆಲಮಟ್ಟಿ ಹಿನ್ನೀರಿಗೆ ಹೋದ ಹಳೆ ಬಾಗಲಕೋಟೆಯ ನಮ್ಮ ಮನೆ, ಓಣಿ, ಗುಡಿಯ ಫೋಟೋಗಳನ್ನು ಅವರು ಸ್ಕ್ಯಾನ್ ಮಾಡಿ, ಒಂದೊಂದರ ಬಗ್ಗೆಯೂ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಇಟ್ಟಿದ್ದರು. ಮಾವನವರು ಈಗಿಲ್ಲ, ಆಲ್ಬಮ್ ಗೆದ್ದಲು ಹಿಡಿದು ಹೋಯಿತು. ಮೊನ್ನೆ ಕಂಪ್ಯೂಟರ್ ಹಚ್ಚಿದರೆ ಗಡಿಯಾರ ತಪ್ಪಿದೆ ಎಂಬ ಸಂದೇಶ ಬಂದು, ಆಮೇಲೆ ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’ ಎಂದು ನಿಂತುಬಿಡುತ್ತದೆ. ವಿಂಡೋಸನ್ನು ಮತ್ತೆ ಹಾಕಲು ಕಂಪನಿ ಕೊಟ್ಟಿದ್ದ ರಿಕವರಿ ಸಿಡಿಗಳು ಎಲ್ಲಿಯೂ ಸಿಗುತ್ತಿಲ್ಲ. ಅಂಗಡಿಯವರು, ‘ಸಿಡಿ ಇಲ್ಲದೆ ಆಗುವುದಿಲ್ಲ, ಫಾರ್ಮ್ಯಾಟ್ ಮಾಡಿ ವಿಂಡೋಸ್ 10 ಹಾಕಿಕೊಡುತ್ತೇವೆ’ ಎನ್ನುತ್ತಾರೆ. ಕೊಡಲೇ?

ಉತ್ತರ (ಹಾರ್ಡ್‌ವೇರ್ ತಂತ್ರಜ್ಞ, ಬೆಳಗಾವಿ): ಅಕ್ಕಾವರೇ, ದಯವಿಟ್ಟು ಕೊಡಬೇಡಿ. ಫಾರ್ಮ್ಯಾಟ್ ಎಂದರೆ ಡಿಸ್ಕಿನಲ್ಲಿರುವುದನ್ನು ಅಳಿಸುವುದು. ಆ ಮಾತು ಬಂದ ಅಂಗಡಿಯಿಂದ ಹಾರ್ಡ್ ಡಿಸ್ಕನ್ನು ಮೊದಲು ಮನೆಗೆ ತನ್ನಿ. ವಿಂಡೋಸ್ 10ಕ್ಕೆ ಕಡಿಮೆಯೆಂದರೂ 1 ಜಿಬಿ ರ‍್ಯಾಮ್ ಬೇಕು, ನಿಮ್ಮದರಲ್ಲಿ ಅದರ ಅರ್ಧವಿದೆ. ಸಾಲದ್ದಕ್ಕೆ ಅದರ ಉಚಿತ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ನೀವು ಹೇಳಿದ ಎರಡು ಸಂದೇಶಗಳನ್ನು ಸೇರಿಸಿ ಓದಿದರೆ ನನಗೆ ಭರವಸೆಯೇ ಬರುತ್ತದೆ. ಮದರ್‌ಬೋರ್ಡಿನ ಮೇಲೆ ರೂಪಾಯಿ ನಾಣ್ಯದ ಆಕಾರದ ಸಿಆರ್2032 ಎಂಬ 3 ವೋಲ್ಟ್ ಸೆಲ್ ಇರುತ್ತದೆ. ಅದು ಸತ್ತರೆ ಗಡಿಯಾರವಷ್ಟೇ ಅಲ್ಲ, ಯಾವ ಡಿಸ್ಕಿನಿಂದ ಶುರುವಾಗಬೇಕು ಎಂಬ ಬಯಾಸ್ (ಯಂತ್ರ ಹಚ್ಚಿದೊಡನೆ ಮೊದಲು ಓಡುವ ತಂತ್ರಾಂಶ) ಸೆಟ್ಟಿಂಗ್ ಕೂಡ ಅಳಿಸಿಹೋಗುತ್ತದೆ. ಆಗ ಯಂತ್ರವು ವಿಂಡೋಸ್ ಇಲ್ಲದ ಬೇರೊಂದು ಡಿಸ್ಕಿಗೋ, ಚುಚ್ಚಿಟ್ಟ ಪೆನ್‌ಡ್ರೈವಿಗೋ ಹೋಗಿ, ವಿಂಡೋಸನ್ನು ಶುರುಮಾಡುವ ಎನ್‌ಟಿಎಲ್‌ಡಿಆರ್ ಎಂಬ ಫೈಲ್ ಇಲ್ಲ ಎಂದು ಹೇಳುತ್ತದೆ. ವಿಂಡೋಸ್ ಹಾಳಾಗಿಯೇ ಇದೆ ಎಂದು ಈಗಲೇ ತೀರ್ಮಾನಿಸಬೇಕಿಲ್ಲ. ಒಳಗೆ ಎರಡನೇ ಹಾರ್ಡ್ ಡಿಸ್ಕ್ ಏನಾದರೂ ಇದೆಯೇ?

ಆದರೆ ಸೆಲ್ ಬದಲಿಸುವುದಕ್ಕೂ ಮೊದಲಿನ ಕೆಲಸ ಒಂದಿದೆ. ವರ್ಷಗಟ್ಟಲೆ ನಿಂತಿದ್ದ ಡಿಸ್ಕನ್ನು ಮತ್ತೆ ಮತ್ತೆ ಹಚ್ಚಿ ಆರಿಸಬೇಡಿ. ವೈರ್ ಕಿತ್ತು, ಪಕ್ಕದ ಮುಚ್ಚಳ ತೆಗೆದು ಡಿಸ್ಕನ್ನು ಹೊರಗೆ ತೆಗೆಯಿರಿ. ಅಗಲವಾದ ಪಟ್ಟಿಯಂಥ ಕೇಬಲ್ ಇದ್ದರೆ ಅದು ಐಡಿಇ, ಬೆರಳಗಲದ ಸಣ್ಣ ಕೇಬಲ್ ಇದ್ದರೆ ಸಾಟಾ. ಎರಡಕ್ಕೂ ಹೊಂದುವ ಯುಎಸ್‌ಬಿ ಅಡಾಪ್ಟರ್ ಸಿಗುತ್ತದೆ. ಕೊಳ್ಳುವಾಗ ಅದರ ಜೊತೆಗೆ ಪ್ರತ್ಯೇಕ ಪವರ್ ಅಡಾಪ್ಟರ್ ಇದೆಯೇ ನೋಡಿ. ಡೆಸ್ಕ್‌ಟಾಪಿನ 3.5 ಇಂಚಿನ ಡಿಸ್ಕ್‌ಗೆ 12 ವೋಲ್ಟ್ ಬೇಕು, ಬರಿಯ ಯುಎಸ್‌ಬಿ ತಂತಿಯಿಂದ ಅದು ತಿರುಗುವುದಿಲ್ಲ. ಅಡಾಪ್ಟರನ್ನು ಮನೆಯ ಲ್ಯಾಪ್‌ಟಾಪಿಗೆ ಜೋಡಿಸಿ, ಫೋಟೋ ಮತ್ತು ಬರಹಗಳನ್ನು ಮೊದಲು ನಕಲಿಸಿಕೊಳ್ಳಿ. ಕಟ್ ಕಟ್ ಎಂಬ ಸದ್ದು ಕೇಳಿದರೆ ಆ ಕ್ಷಣವೇ ನಿಲ್ಲಿಸಿ. ಮುಂದಿನದು ಡೇಟಾ ರಿಕವರಿ ಮಾಡುವವರ ಕೆಲಸ.

ಪ್ರಶ್ನೆ (ಶಿಕ್ಷಕಿ): ಹೌದು ಸರ್, ನಮ್ಮ ಮೈದುನ ಆಮೇಲೆ ಇನ್ನೊಂದು ಡಿಸ್ಕ್ ಹಾಕಿಸಿದ್ದನಂತೆ. ಅಡಾಪ್ಟರ್ ತಂದು ಹಳೆಯ ಡಿಸ್ಕನ್ನು ಜೋಡಿಸಿದೆವು, ಸದ್ದೇನೂ ಇಲ್ಲ. ಒಂದು ಡ್ರೈವನ್ನು ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂದು ಲ್ಯಾಪ್‌ಟಾಪ್ ಕೇಳುತ್ತಿದೆ. ಇನ್ನೊಂದರಲ್ಲಿ ಮಾವನವರ ಫೋಲ್ಡರ್ ಕಾಣುತ್ತದೆ, ಆದರೆ ಒಳಗೆ ಬಿಡುತ್ತಿಲ್ಲ.

ಉತ್ತರ: ಫಾರ್ಮ್ಯಾಟ್ ಕೇಳಿದಾಗಲೆಲ್ಲ ಕ್ಯಾನ್ಸಲ್ ಒತ್ತಿ. ತನಗೆ ಓದಲು ಬಾರದ ಭಾಗ ಕಂಡರೆ ವಿಂಡೋಸ್ ಹೀಗೆ ಕೇಳುತ್ತದೆ. ಕೆಲವು ಕಂಪನಿಗಳು ರಿಕವರಿ ಭಾಗವನ್ನು ಬೇಕೆಂದೇ ಹೀಗೆ ಮರೆಮಾಡಿ ಇಟ್ಟಿರುತ್ತವೆ. ನೀವು ಹುಡುಕುತ್ತಿರುವ ಸಿಡಿಯ ಸರಕು ಅಲ್ಲಿಯೇ ಇರಬಹುದು!

ಫೋಲ್ಡರ್ ಬಿಡದಿರುವುದು ಹಳೆಯ ಪಾಸ್‌ವರ್ಡಿನ ಅನುಮತಿಯ ತೊಡಕು. ಲಿನಕ್ಸ್ ಎಂದರೆ ವಿಂಡೋಸ್‌ನಂಥದೇ ಇನ್ನೊಂದು ಉಚಿತ ವ್ಯವಸ್ಥೆ. ಏನನ್ನೂ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ನಡೆಯುವ ಲೈವ್ ಲಿನಕ್ಸ್‌ನಲ್ಲಿ ಲ್ಯಾಪ್‌ಟಾಪನ್ನು ಶುರುಮಾಡಿ ತೆರೆದರೆ ಆ ಅನುಮತಿ ಅಡ್ಡ ಬರುವುದಿಲ್ಲ. ‘ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್’ ಒಳಗೆ ಮಾವನವರ ಹೆಸರಿನ ಇಡೀ ಫೋಲ್ಡರನ್ನು ತೆಗೆದುಕೊಳ್ಳಿ. ಡೆಸ್ಕ್‌ಟಾಪಿನ ಮೇಲೆ ಇಟ್ಟದ್ದೂ ಅದರೊಳಗೇ ಇರುತ್ತದೆ.

ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿರುವ ‘ಫಾಂಟ್ಸ್’ ಫೋಲ್ಡರನ್ನೂ ನಕಲಿಸಿ. ನುಡಿಯ ಹಳೆಯ ಬರಹಗಳು ಯೂನಿಕೋಡ್ (ಈಗ ಎಲ್ಲ ಯಂತ್ರಗಳೂ ಓದುವ ಅಕ್ಷರ ಸಂಕೇತ) ಅಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಫೈಲ್ ಕೆಟ್ಟಿದೆ ಎಂದು ಅಳಿಸಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಫಾಂಟ್ ಹಾಕಿದ ಕೂಡಲೇ ಮಾವನವರ ಕನ್ನಡ ಹಾಗೆಯೇ ಕಾಣುತ್ತದೆ. ಬಳಿಕ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿ, ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಿ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ.

ಪ್ರಶ್ನೆ (ಶಿಕ್ಷಕಿ): ಫೋಟೋ, ಬರಹ ಎಲ್ಲವೂ ಸಿಕ್ಕವು ಸರ್! ಮನೆಯವರೆಲ್ಲ ಕೂತು ನೋಡಿದೆವು. ಈಗ ಕಂಪ್ಯೂಟರನ್ನೂ ಮೊದಲಿನ ಹಾಗೆ ಮಾಡಬೇಕೆಂಬ ಆಸೆ.

ಉತ್ತರ: ಬಹಳ ಸಂತೋಷ ಅಕ್ಕಾವರೇ. ಆ ಫೋಟೋಗಳ ಇನ್ನೊಂದು ಪ್ರತಿಯನ್ನು ಬೇರೆ ಊರಿನ ನೆಂಟರ ಮನೆಯಲ್ಲಿ ಇಡಿ.

ಇನ್ನು ಯಂತ್ರ. ರಿಕವರಿ ಭಾಗವನ್ನು ಎಬ್ಬಿಸಲು ಯಂತ್ರ ಹಚ್ಚಿದೊಡನೆ ಒತ್ತುವ ಕೀಬೋರ್ಡಿನ ಕೀಲಿ ಕಂಪನಿಗೊಂದು: ಎಚ್‌ಪಿಯಲ್ಲಿ ಎಫ್11, ಏಸರ್‌ನಲ್ಲಿ ಆಲ್ಟ್ ಜೊತೆ ಎಫ್10, ಎಕ್ಸ್‌ಪಿ ಕಾಲದ ಡೆಲ್‌ನಲ್ಲಿ ಕಂಟ್ರೋಲ್ ಜೊತೆ ಎಫ್11. ಆದರೆ ಅದನ್ನು ಮೂಲ ಡಿಸ್ಕಿನ ಮೇಲೆ ಒತ್ತಲೇಬೇಡಿ. ಕಾರ್ಖಾನೆಯ ಸ್ಥಿತಿಗೆ ಮರಳಿಸುವಾಗ ಸಿ ಡ್ರೈವ್ ಪೂರ್ತಿ ಅಳಿಯುತ್ತದೆ. ಅಷ್ಟೇ ಅಥವಾ ಹೆಚ್ಚಿನ ಅಳತೆಯ ಇನ್ನೊಂದು ಡಿಸ್ಕಿಗೆ ಕ್ಲೋನ್‌ಜಿಲ್ಲಾ ಎಂಬ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕನ್ನು ನಕಲು ಮಾಡಿ. ಬಿಡಿಬಿಡಿ ಭಾಗ ನಕಲಿಸಿದರೆ ಸಾಲದು, ಆ ಕೀಲಿಯನ್ನು ಗುರುತಿಸುವ ಸಂಕೇತ ಡಿಸ್ಕಿನ ಮೊದಲ ವಲಯದಲ್ಲಿ ಇರಬಹುದು. ಮೂಲವನ್ನು ಕಪಾಟಿನಲ್ಲಿಟ್ಟು, ನಕಲಿನ ಮೇಲೆ ಧೈರ್ಯವಾಗಿ ಪ್ರಯೋಗ ಮಾಡಿ.

ಹಚ್ಚುವ ಮೊದಲು ಎರಡು ಕಡೆ ನೋಡಿ. ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಕೊಡುವ ಪೆಟ್ಟಿಗೆ) ಹಿಂದೆ 115/230 ಎಂಬ ಸಣ್ಣ ಸ್ವಿಚ್ ಇದ್ದರೆ 230ರಲ್ಲಿರಬೇಕು. ಮದರ್‌ಬೋರ್ಡಿನ ಮೇಲೆ ಸಣ್ಣ ಡಬ್ಬಿಗಳಂತೆ ನಿಂತಿರುವ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ ಅಥವಾ ಕಂದು ಅಂಟು ಸುರಿದಿದ್ದರೆ ಹಚ್ಚದೆ ತಂತ್ರಜ್ಞರಿಗೆ ತೋರಿಸಿ. ಆ ಕಾಲದ ಬೋರ್ಡುಗಳಲ್ಲಿ ಇದು ಸಾಮಾನ್ಯ ರೋಗ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ನೀವೇ ಬಿಚ್ಚಬೇಡಿ, ವೈರ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರುತ್ತದೆ. ಹೊಸ ಸೆಲ್ ಹಾಕಿ, ಬಯಾಸ್‌ನಲ್ಲಿ ಸರಿಯಾದ ಡಿಸ್ಕನ್ನು ಮೊದಲಿಗಿಡಿ. ಬಹುಶಃ ಮಾವನವರ ಎಕ್ಸ್‌ಪಿ ಹಾಗೆಯೇ ಎದ್ದು ಬರುತ್ತದೆ, ರಿಕವರಿಯೇ ಬೇಕಾಗಲಿಕ್ಕಿಲ್ಲ. ಬಂದರೂ ಇಂಟರ್‌ನೆಟ್ ಜೋಡಿಸಬೇಡಿ. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದೇ ಬೆಂಬಲ ನಿಂತಿದೆ.

ಪ್ರಶ್ನೆ (ಜಮಖಂಡಿ): ಅಣ್ಣಾ, ನನ್ನದೂ ಎಕ್ಸ್‌ಪಿ, ರಿಕವರಿ ಭಾಗವೂ ಅಳಿದಿದೆ. ಗೆಳೆಯನ ಹತ್ತಿರ ಎಕ್ಸ್‌ಪಿ ಸಿಡಿ ಇದೆ, ನಡೆಯುತ್ತದೆಯೇ?

ಉತ್ತರ: ತಮ್ಮಾ, ಮೊದಲು ಕ್ಯಾಬಿನೆಟ್ಟಿನ ಪಕ್ಕದ ಸ್ಟಿಕರ್ ನೋಡು. ವಿಂಡೋಸ್ ಹಾಕುವಾಗ ಕೇಳುವ 25 ಅಕ್ಷರಗಳ ಕೀ ಇದ್ದರೆ ಅಳಿಸಿಹೋಗುವ ಮೊದಲೇ ಫೋಟೋ ತೆಗೆದಿಡು. ಸ್ಟಿಕರಿನಲ್ಲಿ ಹೋಮ್ ಎಂದಿದ್ದರೆ ಹೋಮ್ ಸಿಡಿಯೇ, ಒಇಎಂ (ಯಂತ್ರದ ಜೊತೆಗೇ ಬಂದ ಪ್ರತಿ) ಎಂದಿದ್ದರೆ ಒಇಎಂ ಸಿಡಿಯೇ ಬೇಕು. ಬೇರೆ ಬಗೆಯ ಸಿಡಿ ಆ ಕೀ ಒಪ್ಪುವುದಿಲ್ಲ. ಹಾಕುವಾಗ ನೀಲಿ ಪರದೆ ಬಂದರೆ ಬಯಾಸ್‌ನಲ್ಲಿ ಸಾಟಾವನ್ನು ಐಡಿಇ ಮೋಡ್‌ಗೆ ಬದಲಿಸು. ಯಾರೋ ತಿದ್ದಿ ಹಂಚಿದ ‘ಎಲ್ಲ ಒಂದರಲ್ಲಿ’ ಸಿಡಿ ಬೇಡ, ಅದರೊಳಗೆ ಏನು ತುರುಕಿದ್ದಾರೋ ಹೇಳಲಾಗದು. ಬರೆಯಲು, ಹಾಡು ಕೇಳಲು ಸಾಕೆಂದರೆ 32 ಬಿಟ್‌ನ ಆಂಟಿಎಕ್ಸ್ ಲಿನಕ್ಸ್ ಹಾಕು. ಅದಕ್ಕೆ ಕೀಯೂ ಬೇಡ, ಖರ್ಚೂ ಇಲ್ಲ.

ಪ್ರಶ್ನೆ (ವಿಜಯಪುರ): ಸರ್, ನನ್ನ ಲ್ಯಾಪ್‌ಟಾಪ್ ವಿಂಡೋಸ್ 8 ಜೊತೆ ಬಂದದ್ದು. ಸ್ಟಿಕರಿನಲ್ಲಿ ಕೀ ಇಲ್ಲವೇ ಇಲ್ಲ.

ಉತ್ತರ: ಚಿಂತೆ ಬೇಡ. ವಿಂಡೋಸ್ 8ರಿಂದ ಕಂಪನಿಗಳು ಕೀಯನ್ನು ಮದರ್‌ಬೋರ್ಡಿನ ಚಿಪ್‌ನಲ್ಲೇ ಬರೆದಿಡುತ್ತವೆ. ಅದೇ ಆವೃತ್ತಿಯನ್ನು ಮತ್ತೆ ಹಾಕಿದರೆ ತಾನಾಗಿ ಓದಿಕೊಳ್ಳುತ್ತದೆ. ನಿಮ್ಮ ಫೈಲುಗಳನ್ನು ಮಾತ್ರ ಮೊದಲು ತೆಗೆದಿಟ್ಟುಕೊಂಡು ಕೈಹಾಕಿ.