ಕ್ವೆವ್ರಿ ವೈನ್: ಜಾರ್ಜಿಯಾದವರು ಹಂಡೆಯನ್ನು ಹೂಳುವುದು ಯಾಕೆ, ಸೋವಿಯತ್ ಕಾಲದಲ್ಲೂ ಇದು ಉಳಿದದ್ದು ಹೇಗೆ?

ದ್ರಾಕ್ಷಿಬಳ್ಳಿ
ಜಾರ್ಜಿಯಾ ಅಂದರೆ ಇಲ್ಲಿ ಕಾಕಸಸ್ ಬೆಟ್ಟಗಳ ಕಡೆಯ ದೇಶ, ಅಮೆರಿಕದ ರಾಜ್ಯ ಅಲ್ಲ. ಅಲ್ಲಿ ಕ್ವೆವ್ರಿ ಎಂಬ ದೊಡ್ಡ ಮಣ್ಣಿನ ಹಂಡೆಯನ್ನು ಬಾಯಿ ಮಾತ್ರ ಕಾಣುವ ಹಾಗೆ ನೆಲದಲ್ಲಿ ಹೂತು, ದ್ರಾಕ್ಷಿ ರಸವನ್ನು ಸಿಪ್ಪೆ, ಬೀಜ ಸಮೇತ ಸುರಿದು ತಿಂಗಳುಗಟ್ಟಲೆ ಬಿಡುತ್ತಾರೆ. 2013ರಲ್ಲಿ ಯುನೆಸ್ಕೊ ಇದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ರಾಜಧಾನಿ ಟಿಬಿಲಿಸಿಯ ದಕ್ಷಿಣಕ್ಕಿರುವ ಗಡಾಚ್ರಿಲಿ ಗೋರಾ ಎಂಬ ಪ್ರಾಚೀನ ನೆಲೆಯಲ್ಲಿ ಸಿಕ್ಕ ಮಡಕೆ ಚೂರುಗಳಲ್ಲಿ ಸುಮಾರು 8,000 ವರ್ಷ ಹಿಂದಿನ ವೈನ್ ಗುರುತು ಇದೆಯಂತೆ. ಸ್ಟೀಲ್ ಟ್ಯಾಂಕ್ ಬಂದ ಮೇಲೂ ಹೂಳುವುದರಿಂದ ನಿಜವಾಗಿ ಏನು ಉಪಯೋಗ? ಸೋವಿಯತ್ ಕಾಲದಲ್ಲಿ ವೈನ್ ಎಲ್ಲಾ ಫ್ಯಾಕ್ಟರಿ ಕೈಗೆ ಹೋದಾಗ ಇದು ಹೇಗೆ ಉಳಿಯಿತು?

ಹುದುಗು
ಮೊದಲ ಪ್ರಶ್ನೆಗೆ ಹೇಳುತ್ತೇನೆ. ರಸ ಹುದುಗುವಾಗ ಬಿಸಿ ಏರುತ್ತದೆ, ಸುತ್ತಲಿನ ಮಣ್ಣು ಅದನ್ನು ಎಳೆದುಕೊಳ್ಳುತ್ತದೆ, ಆಮೇಲೆ ಚಳಿಗಾಲ ಪೂರ್ತಿ ಒಂದೇ ಹದದ ತಂಪು ಸಿಗುತ್ತದೆ. ಕರೆಂಟ್ ಬೇಡ, ಯಂತ್ರ ಬೇಡ. ನನಗೆ ಜಾಸ್ತಿ ಇಷ್ಟವಾಗುವುದು ಅದರ ಆಕಾರ. ಮೊಟ್ಟೆಯ ಹಾಗೆ ಕೆಳಗೆ ಚೂಪಾಗಿರುವುದರಿಂದ ಬೀಜಗಳು ತುದಿಗೆ ಇಳಿದು ಕೂರುತ್ತವೆ, ಅವುಗಳ ಮೇಲೆ ಗಷ್ಟು ಮುಚ್ಚಿಕೊಳ್ಳುತ್ತದೆ, ಹಾಗಾಗಿ ಬೀಜದ ಕಹಿ ವೈನಿಗೆ ಅಷ್ಟಾಗಿ ಇಳಿಯುವುದಿಲ್ಲ. ಹುದುಗುವ ದಿನಗಳಲ್ಲಿ ಮೇಲೆ ತೇಲುವ ಸಿಪ್ಪೆಯನ್ನು ದಿನಕ್ಕೆ ಹಲವು ಸಲ ಕೋಲಿನಿಂದ ಕೆಳಕ್ಕೆ ಒತ್ತುತ್ತಾರೆ. ಅದು ಮುಗಿದ ಮೇಲೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ, ವಸಂತದ ತನಕ ಮುಟ್ಟುವುದಿಲ್ಲ. ಒಳಮೈಗೆ ಜೇನುಮೇಣ ಸವರಿರುತ್ತಾರೆ, ಸಣ್ಣ ರಂಧ್ರಗಳು ತುಂಬಲಿ ಅಂತ. ಇದರಲ್ಲಿ ಅತಿ ಕಷ್ಟದ ಕೆಲಸ ತೊಳೆಯುವುದು. ಚೆರ್ರಿ ಮರದ ತೊಗಟೆಯ ಬ್ರಷ್ ಹಿಡಿದು ಉಜ್ಜಬೇಕು, ಸರಿಯಾಗಿ ತೊಳೆಯದಿದ್ದರೆ ಮುಂದಿನ ವರ್ಷದ ವೈನ್ ಕೆಟ್ಟಿತು ಅಂತಲೇ ಲೆಕ್ಕ.

ಮರಾನಿ
ಎರಡನೆಯದಕ್ಕೆ ನನ್ನ ಉತ್ತರ: ಮನೆಯವರು ಉಳಿಸಿದರು. ಫ್ಯಾಕ್ಟರಿಗೆ ಬೇಕಿದ್ದದ್ದು ಪ್ರಮಾಣ, ಅದಕ್ಕೆ ರ್ಕಾಟ್ಸಿಟೆಲಿ, ಸಪೆರಾವಿಯಂಥ ಕೆಲವೇ ದ್ರಾಕ್ಷಿ ತಳಿಗಳು ಸಾಕಾದವು. ಅಲ್ಲಿನ ಸ್ವಂತ ತಳಿಗಳು 500ಕ್ಕೂ ಹೆಚ್ಚು, ಅವುಗಳಲ್ಲಿ ಎಷ್ಟೋ ಹಿತ್ತಲಿನಲ್ಲಷ್ಟೇ ಬದುಕಿದವು. 1985ರಲ್ಲಿ ಸೋವಿಯತ್ ನಾಯಕ ಗೋರ್ಬಚೆವ್ ಮದ್ಯದ ವಿರುದ್ಧ ಹೊರಟಾಗ ತೋಟಗಳನ್ನೇ ಕಿತ್ತರು. ಆದರೂ ಹಳ್ಳಿ ಮನೆಗಳಲ್ಲಿ ಮರಾನಿ, ಅಂದರೆ ಕ್ವೆವ್ರಿ ಹೂತಿರುವ ಕೋಣೆ, ಹಾಗೇ ಇತ್ತು. ಯಾಕೆಂದರೆ ಆ ವೈನ್ ಮಾರುವುದಕ್ಕಲ್ಲ, ಮದುವೆಗೆ, ಸಾವಿಗೆ, ಈಸ್ಟರಿಗೆ ಬೇಕೇ ಬೇಕು. ಜೆಡಾಶೆ ಅಂತ ದೇವರ ಪಾಲನ್ನು ಬೇರೆ ಕ್ವೆವ್ರಿಯಲ್ಲಿ ಎತ್ತಿಡುವ ಪದ್ಧತಿ ಇದೆ. ಸುಪ್ರಾ ಎಂಬ ಔತಣದಲ್ಲೂ ಮನಸ್ಸು ಬಂದಾಗ ಸುಮ್ನೆ ಕುಡಿಯುವ ಹಾಗಿಲ್ಲ. ತಮಾಡಾ, ಅಂದರೆ ಔತಣ ನಡೆಸುವವನು, ಎದ್ದು ಶಾಂತಿಯ ಬಗ್ಗೆ, ತೀರಿಕೊಂಡವರ ಬಗ್ಗೆ, ಮಕ್ಕಳ ಬಗ್ಗೆ ಮಾತಾಡಬೇಕು, ಉಳಿದವರು ಕೇಳಿ, ಅದಕ್ಕೆ ತಮ್ಮದೂ ಒಂದು ಮಾತು ಸೇರಿಸಿ, ಆಮೇಲೆ ಕುಡಿಯಬೇಕು. ಇಷ್ಟೆಲ್ಲಾ ವೈನಿಗೆ ಕಟ್ಟಿಕೊಂಡಿರುವಾಗ ಜನ ಅದನ್ನು ಅಷ್ಟು ಸುಲಭವಾಗಿ ಬಿಡುತ್ತಾರಾ?

ಕುಂಬಾರಗಟ್ಟೆ
ಮನೆಯವರು ಉಳಿಸಿದ್ದು ನಿಜ, ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. 2006ರಲ್ಲಿ ರಷ್ಯಾ ಜಾರ್ಜಿಯಾದ ವೈನ್ ನಿಷೇಧಿಸಿತು, ಆ ದೊಡ್ಡ ಮಾರುಕಟ್ಟೆ 2013ರ ತನಕ ಮುಚ್ಚಿತ್ತು. ಬೇರೆ ದೇಶಗಳಿಗೆ ಮಾರಲೇಬೇಕಾಯಿತು, ಆಗ ಸಣ್ಣ ತಯಾರಕರ ಕ್ವೆವ್ರಿ ವೈನಿಗೆ ಬೆಲೆ ಬಂತು. ಇವತ್ತಿಗೂ ಆ ದೇಶದ ಹೆಚ್ಚಿನ ವೈನ್ ಬರುವುದು ಆಧುನಿಕ ಫ್ಯಾಕ್ಟರಿಗಳಿಂದಲೇ. ಮೇಲೆ ಹೇಳಿದ 8,000 ವರ್ಷ ಹಿಂದಿನ ಗಡಾಚ್ರಿಲಿ ಗೋರಾದ ಮಡಕೆಗಳೂ ಈಗಿನ ಕ್ವೆವ್ರಿಯಂಥವಲ್ಲ: ಅವುಗಳ ತಳ ಚಪ್ಪಟೆ, ಈಗಿನ ಚೂಪು ತಳದ ಹಂಡೆ ಎಷ್ಟೋ ಕಾಲದ ನಂತರದ್ದು. ನನ್ನ ಚಿಂತೆ ಇರುವುದು ಕುಂಬಾರರ ಬಗ್ಗೆ. ದೊಡ್ಡ ಕ್ವೆವ್ರಿಯನ್ನು ಚಕ್ರದ ಮೇಲೆ ಮಾಡಲಾಗುವುದಿಲ್ಲ. ಮಣ್ಣಿನ ಸುರುಳಿ ಸುತ್ತಿ ಸ್ವಲ್ಪ ಎತ್ತರಿಸಿ, ಒಣಗಲು ಬಿಟ್ಟು, ಮತ್ತೆ ಎತ್ತರಿಸಿ, ಹೀಗೆ ವಾರಗಟ್ಟಲೆ ಹಿಡಿಯುತ್ತದೆ. ಪೂರ್ವದ ಕಾಖೆಟಿ ಪ್ರಾಂತ್ಯದ ವರ್ದಿಸುಬಾನಿ, ಪಶ್ಚಿಮದ ಇಮೆರೆಟಿ ಪ್ರಾಂತ್ಯದ ಮಕಟುಬಾನಿ, ಶ್ರೋಶಾ ಕಡೆ ಕೆಲವೇ ಕುಟುಂಬಗಳು ಈಗಲೂ ಮಾಡುತ್ತಿವೆ.

ದ್ರಾಕ್ಷಿಬಳ್ಳಿ
ಎಲ್ಲರಿಗೂ ಥ್ಯಾಂಕ್ಸ್. ಮೊದಲ ಸಲ ರುಚಿ ನೋಡುವುದಾದರೆ ಎಲ್ಲಿಂದ ಶುರು ಮಾಡಲಿ?

ಹುದುಗು
ಇಮೆರೆಟಿಯ ತ್ಸೋಲಿಕೌರಿ ಎಂಬ ಬಿಳಿ ದ್ರಾಕ್ಷಿಯ ವೈನಿನಿಂದ. ಅಲ್ಲಿ ಸಿಪ್ಪೆ ಕಡಿಮೆ ಹಾಕುತ್ತಾರೆ, ವೈನ್ ಹಗುರ. ಕಾಖೆಟಿಯಲ್ಲಿ ರ್ಕಾಟ್ಸಿಟೆಲಿಯನ್ನು ಪೂರ್ತಿ ಸಿಪ್ಪೆ ಜೊತೆ ಐದಾರು ತಿಂಗಳು ಇಡುತ್ತಾರೆ, ಬಿಳಿ ದ್ರಾಕ್ಷಿಯದ್ದಾದರೂ ಜೇನಿನ ಬಣ್ಣ, ಬಾಯಿಗೆ ಒಗರು. ಅದನ್ನು ಊಟದ ಜೊತೆ, ತೀರಾ ತಣ್ಣಗೆ ಮಾಡದೆ ಕುಡಿಯಿರಿ.