ಸನ್‌ಸ್ಕ್ರೀನ್ ತಯಾರಿಸುವವರನ್ನು ಕೇಳಿ: ಎಸ್‌ಪಿಎಫ್ 50 ಹಚ್ಚಿದರೂ ಕಪ್ಪಾಗುವುದು ಯಾಕೆ?

ಪ್ರಶ್ನೆ: ನಮಸ್ಕಾರ ಮೇಡಂ. ಸನ್‌ಸ್ಕ್ರೀನ್ ತಯಾರಿಸುವ ಲ್ಯಾಬ್‌ನಲ್ಲಿದ್ದೀನಿ ಅಂತ ಪರಿಚಯದಲ್ಲಿ ಬರೆದಿದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ದಿನಾ 50 ಹಚ್ಚುತ್ತೇನೆ, ಆದರೂ ಮುಖ ಕಪ್ಪಾಗುತ್ತದೆ, ಕೆನ್ನೆ ಮೇಲಿನ ಬಂಗು ಹಾಗೇ ಇದೆ. 100ಕ್ಕೆ ಹೋದರೆ ಸರಿಹೋಗುತ್ತಾ? ಇಷ್ಟು ವರ್ಷವಾದರೂ ಇದಕ್ಕಿಂತ ಒಳ್ಳೆಯದು ಮಾಡೋಕೆ ಯಾಕೆ ಆಗಿಲ್ಲ?

ಉತ್ತರ: ನಂಬರ್ ಹಿಂದೆ ಹೋಗಬೇಡಿ. ಚರ್ಮ ಕೆಂಪಾಗಿಸುವ ಕಿರಣಗಳಲ್ಲಿ 30 ಹಚ್ಚಿದಾಗ ಸುಮಾರು ಶೇ 3.3 ಒಳಗೆ ಬರುತ್ತದೆ, 50ರಲ್ಲಿ ಶೇ 2, 100ರಲ್ಲಿ ಶೇ 1. ಅದೂ ಪ್ರತಿ ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿದಾಗ, ಯಾಕಂದ್ರೆ ಪರೀಕ್ಷೆ ಮಾಡುವುದೇ ಆ ಲೆಕ್ಕದಲ್ಲಿ. ಹೆಚ್ಚಿನವರು ಹಚ್ಚುವುದು ಅದರ ಅರ್ಧ, ಎಷ್ಟೋ ಸಲ ಅದಕ್ಕಿಂತ ಕಡಿಮೆ. ಕಡಿಮೆ ಹಚ್ಚುವವರಿಗೆ ದೊಡ್ಡ ನಂಬರ್‌ನಿಂದ ಉಪಯೋಗ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಿಮ್ಮ ತೊಂದರೆ ಬೇರೆ ಕಡೆ ಇರೋ ಹಾಗಿದೆ.

ಎಸ್‌ಪಿಎಫ್ ಹೇಳುವುದು ಮುಖ್ಯವಾಗಿ ಯುವಿಬಿ ಬಗ್ಗೆ, ಅಂದರೆ ಬಿಸಿಲಿನ ಅತಿನೇರಳೆ (ಯುವಿ) ಕಿರಣಗಳಲ್ಲಿ ತರಂಗದ ಉದ್ದ 320 ನ್ಯಾನೋಮೀಟರ್‌ಗಿಂತ ಕಡಿಮೆ ಇರುವವುಗಳ ಬಗ್ಗೆ. 320ರಿಂದ 400ರವರೆಗಿನ ಯುವಿಎ ಉರಿ ಗೊತ್ತಾಗದ ಹಾಗೆ ಆಳಕ್ಕೆ ಇಳಿಯುತ್ತದೆ, ಕಪ್ಪು ಮಾಡುತ್ತದೆ, ಚರ್ಮವನ್ನು ಬಿಗಿಯಾಗಿಡುವ ಕಾಲಜನ್ ಹಾಳು ಮಾಡುತ್ತದೆ. 400 ದಾಟಿದರೆ ಕಣ್ಣಿಗೆ ಕಾಣುವ ಬೆಳಕು. ಅದರ ನೀಲಿ ಭಾಗವೂ ಕಂದು ಚರ್ಮವನ್ನು ಕಪ್ಪಾಗಿಸುತ್ತದೆ, ಬಂಗು ಇರುವವರಿಗೆ ಇದು ಇನ್ನೂ ಜಾಸ್ತಿ. ಬಣ್ಣ ಇಲ್ಲದ ಸನ್‌ಸ್ಕ್ರೀನ್ ಅದನ್ನು ಹೆಚ್ಚುಕಡಿಮೆ ತಡೆಯುವುದೇ ಇಲ್ಲ. ಐರನ್ ಆಕ್ಸೈಡ್ ಸೇರಿಸಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ತಡೆಯುತ್ತದೆ. ಎಸ್‌ಪಿಎಫ್ ಪರೀಕ್ಷೆ ನಡೆಯುವುದು ತಿಳಿ ಬಣ್ಣದ ಚರ್ಮ ಎಷ್ಟು ಯುವಿ ಬಿದ್ದರೆ ಕೆಂಪಾಗುತ್ತದೆ ಅಂತ ನೋಡಿ. ನಮ್ಮಂಥ ಚರ್ಮದ ತೊಂದರೆ ಕೆಂಪಾಗುವುದಲ್ಲ, ಕಪ್ಪಾಗುವುದು. ಅದಕ್ಕೆ ಇಷ್ಟು ತಡವಾಗಿ ಗಮನ ಸಿಕ್ಕಿತು ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಇನ್ನು ಒಳ್ಳೆಯದು ಯಾಕೆ ಆಗಿಲ್ಲ ಅಂತ ಕೇಳಿದ್ರಿ. ಒಳ್ಳೆಯ ಫಿಲ್ಟರ್, ಅಂದರೆ ಯುವಿ ತಡೆಯುವ ವಸ್ತು, ಇದ್ದರೂ ಅದನ್ನು ಚರ್ಮದ ಮೇಲೆ ಸಮನಾಗಿ ಕೂರಿಸಿ ಗಂಟೆಗಟ್ಟಲೆ ಉಳಿಸುವುದೇ ಕಷ್ಟ. ಲ್ಯಾಬ್‌ನಲ್ಲಿ ನಾವು ಚರ್ಮದ ಹಾಗೆ ತರಿತರಿಯಾದ ಸಣ್ಣ ಪ್ಲಾಸ್ಟಿಕ್ ತಟ್ಟೆಯ ಮೇಲೆ ಚದರ ಸೆಂಟಿಮೀಟರ್‌ಗೆ ಸುಮಾರು 1.3 ಮಿಲಿಗ್ರಾಂನಂತೆ ಚುಕ್ಕಿಚುಕ್ಕಿಯಾಗಿ ಇಟ್ಟು, ಬೆರಳಿನಲ್ಲಿ ಸವರಿ, ಕತ್ತಲಲ್ಲಿ ಒಣಗಲು ಬಿಟ್ಟು, ಆಮೇಲೆ ಯುವಿ ಹಾಯಿಸಿ ಎಷ್ಟು ದಾಟಿತು ಅಂತ ಅಳೆಯುತ್ತೇವೆ. ಅದೇ ಕ್ರೀಮ್, ಅದೇ ತೂಕ. ಬೆರಳು ಒತ್ತುವ ರೀತಿ ಬದಲಾದರೆ ಸಾಕು, ಅಳತೆ ಬದಲಾಗುತ್ತದೆ. ತಗ್ಗುಗಳಲ್ಲಿ ಕ್ರೀಮ್ ತುಂಬಿಕೊಂಡಿರುತ್ತದೆ, ದಿಣ್ಣೆಗಳ ಮೇಲೆ ತೀರಾ ತೆಳ್ಳಗೆ. ಬೆಳಕು ನುಗ್ಗುವುದು ಆ ತೆಳು ಜಾಗದಿಂದಲೇ. ಅದಕ್ಕೇ ಈಗ ಪದರ ಹಿಡಿದಿಡುವ ಪಾಲಿಮರ್‌ಗಳ ಮೇಲೆ, ಎಣ್ಣೆಯಲ್ಲೂ ನೀರಿನಲ್ಲೂ ಎರಡು ಕಡೆ ಫಿಲ್ಟರ್ ಇರುವ ಹಾಗೆ ಮಾಡುವುದರ ಮೇಲೆ ಜಾಸ್ತಿ ಕೆಲಸ ನಡೆಯುತ್ತಿದೆ.

ಇದರ ಜೊತೆಗೆ ಫಿಲ್ಟರ್‌ಗಳದ್ದೇ ಜಗಳ. ಯುವಿಎ ತಡೆಯಲು ತುಂಬಾ ಬಳಸುವ ಅವೊಬೆಂಜೋನ್ ಬೆಳಕಿನಲ್ಲೇ ಒಡೆದುಹೋಗುತ್ತದೆ. ಅದನ್ನು ಆಕ್ಟಿನಾಕ್ಸೇಟ್ ಅನ್ನುವ ಫಿಲ್ಟರ್ ಜೊತೆ ಹಾಕಿದರೆ ಎರಡೂ ಕೆಡುತ್ತವೆ, ಆಕ್ಟೊಕ್ರಿಲೀನ್ ಅನ್ನುವ ಇನ್ನೊಂದರ ಜೊತೆ ಹಾಕಿದರೆ ಬಾಳಿಕೆ ಬರುತ್ತದೆ.

ಇನ್ನೊಬ್ಬರ ಪ್ರಶ್ನೆ: ಹಾಗಾದರೆ ಜಿಂಕ್ ಆಕ್ಸೈಡ್ ಒಂದೇ ಸಾಕಲ್ವಾ? ಅದು ಕನ್ನಡಿ ಹಾಗೆ ಬೆಳಕನ್ನು ವಾಪಸ್ ಕಳಿಸುತ್ತೆ, ಕೆಮಿಕಲ್ ಇಲ್ಲ ಅಂತಾರೆ.

ಉತ್ತರ: ಈ ಮಾತು ಎಲ್ಲ ಕಡೆ ಓಡಾಡುತ್ತಿದೆ, ಆದರೆ ನಿಜವಲ್ಲ. ಜಿಂಕ್ ಆಕ್ಸೈಡೂ ಕೆಮಿಕಲ್ಲೇ. ಜಿಂಕ್ ಆಕ್ಸೈಡ್, ಅದರ ಹಾಗೇ ಬಳಸುವ ಟೈಟಾನಿಯಂ ಡೈಆಕ್ಸೈಡ್ ಎರಡೂ ಯುವಿಯನ್ನು ಬಹುಪಾಲು ಹೀರಿಕೊಳ್ಳುತ್ತವೆ, ವಾಪಸ್ ಕಳಿಸುವುದು ಸ್ವಲ್ಪವೇ. ಒಳ್ಳೆಯ ಫಿಲ್ಟರ್, ಬೆಳಕಿಗೆ ಒಡೆಯುವುದಿಲ್ಲ. ಆದರೆ ಕಣ ದಪ್ಪಗಿದ್ದರೆ ಮುಖ ಬೆಳ್ಳಗೆ ಬೂದಿ ಬಳಿದ ಹಾಗೆ ಕಾಣುತ್ತದೆ, ಜನ ಆಗ ಕಡಿಮೆ ಹಚ್ಚುತ್ತಾರೆ. ಕಣ ಸಣ್ಣದು ಮಾಡಿದರೆ ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ಆಗ ಪದರದಲ್ಲಿ ಖಾಲಿ ಜಾಗ ಉಳಿಯುತ್ತದೆ. ಗಂಟಾಗದಂತೆ ಕಣಗಳಿಗೆ ಲೇಪ ಕೊಡುವುದೇ ಒಂದು ದೊಡ್ಡ ಕೆಲಸ.

ಮತ್ತೊಬ್ಬರ ಪ್ರಶ್ನೆ: ಸನ್‌ಸ್ಕ್ರೀನ್ ರಕ್ತಕ್ಕೆ ಸೇರುತ್ತೆ ಅಂತ ಓದಿ ಹಚ್ಚೋದೇ ಬಿಟ್ಟಿದ್ದೀನಿ. ಹೊಸದೇನಾದರೂ ಬರ್ತಿದೆಯಾ?

ಉತ್ತರ: ಬಿಡಬೇಡಿ, ದಯವಿಟ್ಟು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಫಿಲ್ಟರ್‌ಗಳು ರಕ್ತದಲ್ಲಿ ಕಂಡದ್ದು ನಿಜ. ಅವರು ಹೇಳಿದ್ದು ಇನ್ನಷ್ಟು ಸುರಕ್ಷತಾ ಪರೀಕ್ಷೆ ಬೇಕು ಅಂತ, ಬಳಕೆ ನಿಲ್ಲಿಸಿ ಅಂತ ಅಲ್ಲ. ಇನ್ನೊಂದು ಕಡೆ ಆಸ್ಟ್ರೇಲಿಯಾದ ನ್ಯಾಂಬೋರ್‌ನಲ್ಲಿ 1992ರಿಂದ 1996ರವರೆಗೆ ನಡೆದ ಪ್ರಯೋಗದಲ್ಲಿ ದಿನಾ ಹಚ್ಚಿದವರಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರ್ ಸುಮಾರು ಶೇ 40 ಕಡಿಮೆಯಾಗಿತ್ತು. ಇದು ಸಣ್ಣ ಲಾಭ ಅಲ್ಲ.

ಹೊಸ ಫಿಲ್ಟರ್‌ಗಳಲ್ಲಿ ಅಣುವನ್ನೇ ದೊಡ್ಡದು ಮಾಡುತ್ತಾರೆ, ಚರ್ಮ ದಾಟದಿರಲಿ ಅಂತ. ಬೆಮೊಟ್ರಿಜಿನಾಲ್ ಹಾಗೆ ಬಂದದ್ದು, ಯುವಿಎ ಯುವಿಬಿ ಎರಡನ್ನೂ ತಡೆಯುತ್ತದೆ, ಬೆಳಕಿಗೂ ಒಡೆಯುವುದಿಲ್ಲ. 385 ನ್ಯಾನೋಮೀಟರ್ ಸುತ್ತ ಹೀರುವ ಫಿಲ್ಟರ್ ಕೂಡ ಬಂದಿದೆ. ಹಳೆಯ ಫಿಲ್ಟರ್‌ಗಳು ಸೋಲುತ್ತಿದ್ದದ್ದೇ ಆ ಜಾಗದಲ್ಲಿ.

ನನಗೆ ತುಂಬಾ ಕುತೂಹಲ ಇರುವುದು ಇನ್ನೊಂದರ ಮೇಲೆ. 2015ರಲ್ಲಿ ಯೇಲ್ ವಿಶ್ವವಿದ್ಯಾಲಯದವರು, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಇರುವ ಜೀವಕೋಶಗಳಲ್ಲಿ ಬೆಳಕು ನಿಂತ ಮೇಲೂ ಮೂರು ಗಂಟೆಗಿಂತ ಹೆಚ್ಚು ಹೊತ್ತು ಡಿಎನ್‌ಎಗೆ ಹಾನಿ ಆಗುತ್ತಲೇ ಇರುತ್ತದೆ ಅಂತ ತೋರಿಸಿದರು. ಬಿಸಿಲಿನಿಂದ ಮನೆಗೆ ಬಂದ ಮೇಲೂ ಹಾನಿ ನಿಂತಿರುವುದಿಲ್ಲ ಅಂತಾಯಿತು. ಅದನ್ನು ತಡೆಯುವ ಆಂಟಿಆಕ್ಸಿಡೆಂಟ್ ಸಿಕ್ಕಿದರೆ ಬಿಸಿಲಿಗೆ ಹೋಗಿಬಂದ ಮೇಲೆ ಹಚ್ಚುವ ಕ್ರೀಮ್ ಕೂಡ ಬರಬಹುದು.

ಮೊದಲು ಕೇಳಿದವರು: ಧನ್ಯವಾದ ಮೇಡಂ. ನನ್ನದರಲ್ಲಿ ಐರನ್ ಆಕ್ಸೈಡ್ ಇಲ್ಲ, ಈಗ ನೋಡಿದೆ. ಬದಲಾಯಿಸಿದರೆ ಬಂಗು ಹೋಗುತ್ತಾ?

ಉತ್ತರ: ಕಪ್ಪು ಇನ್ನೂ ಗಾಢವಾಗುವುದು ಕಡಿಮೆಯಾಗುತ್ತದೆ. ಸನ್‌ಸ್ಕ್ರೀನ್‌ನಿಂದ ಮಾತ್ರ ಪೂರ್ತಿ ಹೋಗುವುದಿಲ್ಲ, ಬಂಗಿಗೆ ಹಾರ್ಮೋನೂ ಕಾರಣ, ಚರ್ಮದ ಡಾಕ್ಟರ್‌ಗೆ ತೋರಿಸಿ. ಬಣ್ಣದ್ದನ್ನು ತೆಳ್ಳಗೆ ಎರಡು ಸಲ ಹಚ್ಚಿ, ಮೊದಲ ಸಲ ಬಿಟ್ಟುಹೋದ ಜಾಗ ಎರಡನೇ ಸಲ ಮುಚ್ಚುತ್ತದೆ. ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ, ಬೆವರು ಒರೆಸಿದರೆ ಆಗಲೇ ಮತ್ತೆ ಹಚ್ಚಿ.